ಸೆರಗು ಮತ್ತು ಕಾಲರ್ ಮಷೀನು

ಸೆರಗು ಬೆಲ್ಟಿಗೆ ಸಿಕ್ಕಿದಾಗ ಮಷೀನು ಆರಿಸಿದವರು ಯಾರು ಎಂಬ ಬಗ್ಗೆ ನನಗೂ ಲೈನ್ ಮಾಸ್ತರರಿಗೂ ಇವತ್ತಿಗೂ ಒಮ್ಮತವಿಲ್ಲ. ನಾನೇ ಓಡಿಹೋಗಿ ಸ್ವಿಚ್ ಒತ್ತಿದೆ ಎಂದು ನನ್ನ ನೆನಪು. ಆರಿಸಿದ್ದು ತಾವು, ನಾನು ನನ್ನ ಕ್ಯಾಬಿನ್ನಿನಲ್ಲಿ ಚಹಾ ಕುಡಿಯುತ್ತಿದ್ದೆ, ಗದ್ದಲ ಕೇಳಿ ಕಪ್ಪು ಹಿಡಿದುಕೊಂಡೇ ಹೊರಬಂದೆ ಎಂದು ಅವರ ವಾದ. ಕಪ್ಪಿನ ಮಾತನ್ನು ಅವರು ಎಷ್ಟು ಖಚಿತವಾಗಿ ಹೇಳುತ್ತಾರೆಂದರೆ, ಅವರದೇ ನಿಜವಿರಬೇಕು ಎಂದು ನನಗೂ ಅನುಮಾನ ಹತ್ತಿದೆ. ಹೀಗಾಗಿ ಮುಂದಿನ ಬರಹದಲ್ಲಿ ನಾನು ಚುರುಕಾಗಿ ಕಂಡ ಕಡೆಯಲ್ಲೆಲ್ಲ ಓದುಗರು ಸ್ವಲ್ಪ ಕಡಿತ ಮಾಡಿಕೊಂಡು ಓದುವುದು ಒಳ್ಳೆಯದು.

ಇಬ್ಬರೂ ಒಪ್ಪುವ ಸಂಗತಿ ಇಷ್ಟು. ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಊರ ಹೊರಗೆ, ಶಿರಹಟ್ಟಿ ಕಡೆಯ ಬಸ್ಸುಗಳು ಹಾದುಹೋಗುವ ರಸ್ತೆಯಲ್ಲಿ, ಹಿಂದೆ ಹತ್ತಿ ತುಂಬುತ್ತಿದ್ದ ಗೋದಾಮೊಂದರಲ್ಲಿ ಶರ್ಟು ಹೊಲಿಯುವ ಕಾರ್ಖಾನೆ ನಡೆಯುತ್ತಿತ್ತು. ನಾನು ಅಲ್ಲಿ ಕಾರ್ಮಿಕರ ಕಲ್ಯಾಣಾಧಿಕಾರಿ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಯಾವ ಕೆಲಸದಲ್ಲೂ ಬಹಳ ದಿನ ಕೂಡಲಾಗದೆ ಅಲ್ಲಿಗೆ ಬಂದಿದ್ದೆ. ಮಷೀನಿನ ಮೇಲೆ ಕೂಡುವವರೆಲ್ಲ ಹೆಣ್ಣುಮಕ್ಕಳು. ಬೆಟಗೇರಿಯಿಂದ ಬರುವವರಲ್ಲಿ ಹೆಚ್ಚಿನವರು ಮದುವೆಯಾಗದ ಹುಡುಗಿಯರು, ಚೂಡಿದಾರ ಹಾಕುತ್ತಿದ್ದರು. ಸೊರಟೂರು, ಶಿಗ್ಲಿ, ಡಂಬಳದ ಕಡೆಯಿಂದ ಬಸ್ಸಿನಲ್ಲಿ ಬರುವವರು ಮದುವೆಯಾದವರು, ಸೀರೆಯುಟ್ಟು ಬರುತ್ತಿದ್ದರು.

ನಮ್ಮ ಕಡೆ ಹಳ್ಳಿಯ ಹೆಣ್ಣುಮಕ್ಕಳು ಸೆರಗನ್ನು ತಲೆಯ ಮೇಲಿಂದ ತಂದು ಬಲಭುಜದ ಮೇಲೆ ಇಳಿಬಿಡುತ್ತಾರೆ. ಹೊಲಿಗೆ ಮಷೀನಿನ ಬೆಲ್ಟು ಇರುವುದೂ ಬಲಕ್ಕೇ. ಟೇಬಲ್ಲಿನ ಕೆಳಗಿನ ಮೋಟರಿನಿಂದ ಮೇಲಿನ ಗಾಲಿಗೆ ಹೋಗುವ ಆ ಬೆಲ್ಟು ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಅವತ್ತು ಅದು ಸೊರಟೂರಿನ ಹೆಣ್ಣುಮಗಳೊಬ್ಬಳ ಸೆರಗನ್ನು ಎಳೆದುಕೊಂಡಿತು. ಅವಳ ಹಣೆ ಗಾಲಿಗೆ ಬಡಿದು ಬೋರೆಹಣ್ಣಿನಷ್ಟು ಊದಿತು. ಅದಕ್ಕಿಂತ ಹೆಚ್ಚಿನದು ಆಗಲಿಲ್ಲ. ಅವಳು ಎದ್ದು ನಿಂತು ಮೊದಲು ಮುಟ್ಟಿ ನೋಡಿದ್ದು ಹಣೆಯನ್ನಲ್ಲ, ಸೂಜಿಯ ಕೆಳಗಿದ್ದ ಕಾಲರನ್ನು.

"ಕಾಲರಿಗೆ ಎಣ್ಣಿ ಹತ್ತಿಲ್ರಿ ಮಾಸ್ತರ, ಕಾಳಜಿ ಮಾಡಬ್ಯಾಡ್ರಿ," ಎಂದಳು.

ಶರ್ಟಿನಲ್ಲಿ ಅತ್ಯಂತ ಕಠಿಣವಾದ ಕೆಲಸ ಕಾಲರು. ಅದನ್ನು ಎಲ್ಲರಿಗೂ ಕೊಡುವುದಿಲ್ಲ. ನಮ್ಮ ಲೈನಿನಲ್ಲಿ, ಅಂದರೆ ಮಷೀನುಗಳ ಸಾಲಿನಲ್ಲಿ, ಅದು ಅವಳದು. ಲೈನ್ ನೋಡಿಕೊಳ್ಳುವ ಮಾಸ್ತರರು ಲಕ್ಷ್ಮೇಶ್ವರದವರು, ತಲೆಮಾರಿನಿಂದ ದರ್ಜಿ ಕೆಲಸ ಮಾಡಿದ ಮುಸ್ಲಿಂ ಮನೆತನದವರು, ಸುಲಭಕ್ಕೆ ಯಾರನ್ನೂ ಹೊಗಳದ ಮನುಷ್ಯ. ಅವಳ ಕಾಲರ್ ಕಂಡರೆ ಮಾತ್ರ ಏನೂ ಅನ್ನದೆ ಮುಂದೆ ಹೋಗುತ್ತಿದ್ದರು. ಅದೇ ಅವರ ಹೊಗಳಿಕೆ.

ಮರುದಿನ ಮ್ಯಾನೇಜರ್ ನನ್ನನ್ನು ಕರೆದರು. ಬರುವ ತಿಂಗಳು ಶರ್ಟು ಕೊಳ್ಳುವ ಕಂಪನಿಯವರು ಸುರಕ್ಷತೆ ನೋಡಲು ಬರುವವರಿದ್ದರು. ಅಷ್ಟರೊಳಗೆ ಮಷೀನಿನ ಮುಂದೆ ಒಂದು ಸೆರಗೂ ಕಾಣಬಾರದು. ಸೀರೆಯೇ ಬೇಕು ಎನ್ನುವವರು ದಾರ ಕತ್ತರಿಸುವ ಟೇಬಲ್ಲಿಗೆ ಹೋಗಲಿ ಎಂದರು. ಪಗಾರ ಅಷ್ಟೇ ಇರುತ್ತದೆ ಎಂದೂ ಸೇರಿಸಿದರು. ಅದನ್ನು ಸೊರಟೂರಿನಾಕೆಗೆ ತಿಳಿಸಿದೆ.

"ದಾರ ಕತ್ತರಸಾಕ ನಾ ಯಾಕ ಬಸ್ ಹತ್ತಿ ಬರ್ಲಿ ಸಾಹೇಬ್ರ?" ಎಂದಳು. "ಮನ್ಯಾಗ ಮೆಂತ್ಯಾಪಲ್ಲೆ ಸೋಸ್ಕೊಂತ ಕುಂಡ್ರತೇನಲ್ಲ. ಕಾಲರ್ ಇದ್ರ ಬರ್ತೇನಿ. ಇಲ್ಲಂದ್ರ ಇಲ್ಲ."

ಅವಳು ಸುಮ್ಮನೆ ಹೇಳುವವಳಲ್ಲ. ಆ ಮಾತಿನಿಂದ ನನ್ನ ಕೆಲಸ ಶುರುವಾಯಿತು.

ಮೊದಲ ಉಪಾಯ ಬೆಲ್ಟಿಗೆ ತಗಡಿನ ಮುಚ್ಚಳ. ಬೆಟಗೇರಿಯಲ್ಲಿ ಮಾಡಿಸಿ ತಂದು ಕೂಡಿಸಿದೆವು. ಆದರೆ ಬಾಬಿನ್ನಿಗೆ ದಾರ ಸುತ್ತುವುದು ಅದೇ ಬೆಲ್ಟಿನ ಬಲದಿಂದ. ಪ್ರತಿ ಸಲ ಮುಚ್ಚಳ ಬಿಚ್ಚಬೇಕಾಗುತ್ತಿತ್ತು. ಬಿಚ್ಚಿದ್ದು ಮತ್ತೆ ಕೂಡುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಮುಚ್ಚಳಗಳೆಲ್ಲ ಟೇಬಲ್ ಕೆಳಗೆ ಬುತ್ತಿಗಂಟು ಇಡುವ ಮಣೆಗಳಾದವು. ಎರಡನೆಯದು ಸೀರೆಯ ಮೇಲೆ ಹಾಕುವ ಕೋಟು. ತಗಡಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ, ಸೀರೆಯ ಮೇಲೆ ಕೋಟು ಹಾಕಿಕೊಂಡು ಕೂತವರ ಮುಖಗಳನ್ನು ನೋಡಿದರೆ ನನಗೇ ಉಸಿರು ಕಟ್ಟುತ್ತಿತ್ತು. ಸೆರಗಿಗೆ ಪಿನ್ನು ಚುಚ್ಚಿಕೊಳ್ಳಿ ಎನ್ನುವ ಹಾಗಿರಲಿಲ್ಲ. ಶರ್ಟಿನ ಕಾರ್ಖಾನೆಯಲ್ಲಿ ಪಿನ್ನೆಂದರೆ ಪಾಪ. ಸೂಜಿ ಮುರಿದರೂ ತುಂಡುಗಳನ್ನೆಲ್ಲ ಹುಡುಕಿ ಜೋಡಿಸಿ ತೋರಿಸಿದ ಮೇಲೆಯೇ ಹೊಸ ಸೂಜಿ ಸಿಗುತ್ತಿತ್ತು. ಯಾರದೋ ಕೊರಳಿಗೆ ಚುಚ್ಚೀತೆಂಬ ಭಯ.

ಉಳಿದದ್ದು ಚೂಡಿ. ಊಟದ ಬಿಡುವಿನಲ್ಲಿ ಎಲ್ಲರನ್ನೂ ಸೇರಿಸಿದೆ. ಬೇಡ ಎನ್ನುವವರು ಯಾರು, ಗಂಡನೋ ಅತ್ತೆಯೋ ಮಾವನೋ ಎಂದು ನನ್ನ ಓದಿನ ಅಭ್ಯಾಸದಂತೆ ಒಬ್ಬೊಬ್ಬರನ್ನೇ ಕೇಳಿದೆ. ಗಂಡ ಅತ್ತೆಯ ಮೇಲೆ ಹಾಕುತ್ತಾನೆ, ಅತ್ತೆ ಓಣಿಯ ಮೇಲೆ ಹಾಕುತ್ತಾಳೆ, ಓಣಿಯಲ್ಲಿ ಕೇಳಿದರೆ 'ನಮದೇನೈತ್ರಿ' ಎನ್ನುತ್ತಾರೆ. ಎಲ್ಲಿ ಬೇರಿದೆ ಎಂದು ಅಗೆದರೆ ಬರೀ ಮಣ್ಣು.

ಬೆಟಗೇರಿಯ ಹುಡುಗಿಯೊಬ್ಬಳು ನಡುವೆ ಬಾಯಿ ಹಾಕಿದಳು. "ಅಕ್ಕಾ, ನನ್ನಂಗ ಚೂಡಿ ಹಾಕ್ಕೋ. ಹತ್ತ ವರ್ಷ ಸಣ್ಣಾಕಿ ಕಾಣ್ತಿ."

"ಸಣ್ಣಾಕಿ ಕಂಡು ಏನ್ ಮಾಡ್ಲಿ ಲೇ?" ಎಂದಳು ಸೊರಟೂರಿನಾಕೆ. "ಇನ್ನೊಮ್ಮೆ ಲಗ್ನಾ ಮಾಡ್ಕೊಳ್ಳೇನು? ಒಂದರಾಗ ಸಾಕಾಗೈತಿ." ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಅವಳು ನನ್ನ ಕಡೆ ತಿರುಗಿದಳು. "ಅಲ್ರಿ ಸಾಹೇಬ್ರ, ನಿಮ್ಮ ಕೊಳ್ಳಾಗ ಜೋತಾಡಾಕತ್ತೈತಲ್ಲ, ಅದೇನದು?"

ನಾನು ಕೆಳಗೆ ನೋಡಿಕೊಂಡೆ. ಮ್ಯಾನೇಜರ್ ಹೇಳಿದ್ದಕ್ಕೆ ದಿನಾಲು ಟೈ ಕಟ್ಟುತ್ತಿದ್ದೆ.

"ಅದೂ ಸೆರಗ ಐತಲ್ರಿ. ಅದಕ್ಕ ಕಾಯ್ದೆ ಇಲ್ಲೇನು?"

ಅಲ್ಲಿಯೇ ಟೈ ಬಿಚ್ಚಿ ಕಿಸೆಯಲ್ಲಿ ಇಟ್ಟುಕೊಂಡೆ. ಚಪ್ಪಾಳೆ ಬಿತ್ತು ಎಂದು ನನ್ನ ನೆನಪು. ಮಾಸ್ತರರ ಪ್ರಕಾರ ಚಪ್ಪಾಳೆ ಬಿದ್ದದ್ದು ಬಿಡುವು ಮುಗಿದ ಗಂಟೆ ಬಾರಿಸಿ ನನ್ನ ವಿಚಾರಣೆ ನಿಂತದ್ದಕ್ಕೆ. ಏನೇ ಇರಲಿ, ಆ ಹುಮ್ಮಸ್ಸಿನಲ್ಲಿ ನಾನೊಂದು ಘೋಷಣೆ ಮಾಡಿದೆ. ಚೂಡಿಯೇ ಆಗಬೇಕೆಂದಿಲ್ಲ. ಯೂನಿಫಾರ್ಮಿನ ಜುಲುಮೆ ಇಲ್ಲ. ಸೆರಗಿಲ್ಲದ, ಸಡಿಲವಾದ, ಮೈಗೆ ಹಿತವಾದ ಬಟ್ಟೆ ಯಾವುದಿದೆಯೋ ಅದನ್ನೇ ಸೋಮವಾರದಿಂದ ಹಾಕಿಕೊಳ್ಳಿ. ಆಯ್ಕೆ ನಿಮಗೆ ಬಿಟ್ಟದ್ದು. ಸಮಾಜಶಾಸ್ತ್ರ ಓದಿದವನ ಮಾತು ಹೀಗೆಯೇ ಇರಬೇಕು ಎಂದು ನನಗೆ ಬಹಳ ಸಮಾಧಾನವಾಯಿತು.

ಸೋಮವಾರ ಹಳ್ಳಿಯ ಬಸ್ಸುಗಳಿಂದ ಎಲ್ಲರೂ ಎಂದಿನಂತೆ ಸೀರೆಯಲ್ಲಿಯೇ ಇಳಿದರು. ಕೈಯಲ್ಲಿ ಒಂದೊಂದು ಚೀಲ ಹೆಚ್ಚಿಗೆ ಇತ್ತು. ಒಬ್ಬೊಬ್ಬರೇ ಬಚ್ಚಲಿಗೆ ಹೋದರು. ಹೊರಗೆ ಬಂದರು. ನಾನು ಮಷೀನ್ ಹಾಲಿನ ಬಾಗಿಲಲ್ಲಿ ನಿಂತು ನೋಡಿದೆ: ಲೈನಿನ ಉದ್ದಕ್ಕೂ ನೈಟಿಗಳು. ಗುಲಾಬಿ ಹೂವಿನವು, ನವಿಲಿನವು, ಎಲೆಬಳ್ಳಿಯವು, ತೊಳೆದು ತೊಳೆದು ಬಣ್ಣ ಬಿಟ್ಟವು. ಮೇಲೆ ಎದೆ ಮುಚ್ಚುವ ಹಾಗೆ ಒಂದೊಂದು ಟವೆಲ್ಲು.

ತಪ್ಪು ಅವರದಲ್ಲ. ಸೆರಗಿಲ್ಲದ, ಸಡಿಲವಾದ, ಮೈಗೆ ಹಿತವಾದ ಬಟ್ಟೆ ಎಂದರೆ ಮದುವೆಯಾದ ಹೆಣ್ಣುಮಕ್ಕಳ ಬಳಿ ಇರುವುದು ಅದೊಂದೇ.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತೋಬಾ ತೋಬಾ. ಸಾಹೇಬ್ರ, ಇದು ಮಷಿನ್ ಹಾಲ್ ಐತೋ, ಬೆಳಿಗ್ಗಿ ನಳದ ಪಾಳೇನೋ? ಕೊಡ ಒಂದ ಕಮ್ಮಿ ಐತಿ ನೋಡ್ರಿ."

"ಸಾಹೇಬ್ರ ಹೇಳ್ಯಾರ್ರಿ," ಎಂದಳು ಸೊರಟೂರಿನಾಕೆ, ಪೂರಾ ಗಂಭೀರವಾಗಿ.

ಅವಳ ಮುಖ ನೋಡಿದೆ. ನನ್ನ ಮಾತನ್ನು ನಿಜವಾಗಿಯೇ ಹಾಗೆ ತಿಳಿದುಕೊಂಡಳೋ ಅಥವಾ ಎಲ್ಲರನ್ನೂ ಒಟ್ಟುಗೂಡಿಸಿ ನನಗೆ ಪಾಠ ಕಲಿಸಿದಳೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದರೆ ನಗುತ್ತಾಳೆ. ಅವತ್ತು ಹಾಲಿನಲ್ಲಿ ಇದ್ದಷ್ಟು ಉಲ್ಲಾಸ ನಾನು ಮುಂಚೆ ಕಂಡಿರಲಿಲ್ಲ ಎಂಬುದು ಮಾತ್ರ ಖರೆ. ಗಾಳಿ ಆಡುವ ಬಟ್ಟೆಯಲ್ಲಿ ಕೈಗಳು ಬೇಗ ಓಡುತ್ತಿದ್ದವು, ಕೂತಲ್ಲೇ ಚೇಷ್ಟೆ ನಡೆಯುತ್ತಿತ್ತು. ಆದರೆ ಟವೆಲ್ಲುಗಳು ಜಾರಿ ಜಾರಿ ಬೆಲ್ಟಿನ ಕಡೆಗೇ ಹೋಗುತ್ತಿದ್ದವು. ಮಧ್ಯಾಹ್ನ ಮ್ಯಾನೇಜರ್ ಬಂದು ಬಾಗಿಲಲ್ಲಿಯೇ ನಿಂತರು. ಒಳಗೆ ಬರಲಿಲ್ಲ. ನನ್ನನ್ನು ಹೊರಗೆ ಕರೆದು, ಚೂಡಿ ಇಲ್ಲವೇ ಟೇಬಲ್ಲು, ಮೂರನೆಯದು ನಿಮ್ಮ ರಾಜೀನಾಮೆ ಎಂದರು. ಮೂರನೆಯದನ್ನು ನಗುತ್ತ ಹೇಳಿದರು ಎಂದು ನಂಬಿದ್ದೇನೆ.

ಹಳ್ಳಿಯವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಸೊರಟೂರಿನಾಕೆ ಹಾಕಿಕೊಂಡರೆ ನಾವೂ ಹಾಕುತ್ತೇವೆ. ಸೊರಟೂರಿನಾಕೆ ಹೇಳಿದ್ದು, "ನಮ್ಮ ಅತ್ತೀನ ಒಪ್ಪಸ್ರಿ. ನನ್ನ ಕೇಳಬ್ಯಾಡ್ರಿ." ಆದಿತ್ಯವಾರ ನಾನು ಸೊರಟೂರಿನ ಬಸ್ಸು ಹತ್ತಿದೆ.

ಈಗ ಬರೆಯುವುದರ ಬಗ್ಗೆ ನನಗೆ ಎಲ್ಲಕ್ಕಿಂತ ಕಡಿಮೆ ಭರವಸೆ; ಮುಂದಿನದೆಲ್ಲ ನಿಂತಿರುವುದೂ ಇದರ ಮೇಲೆಯೇ. ನಾನು ಕೂಗಿದಾಗ ಅತ್ತೆ ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಗಂಡಸಿನ ದನಿ ಕೇಳಿದ್ದೇ ತಡ, "ಅಯ್ಯ ಯವ್ವಾ," ಎಂದು ಒಳಗೆ ಓಡಿದರು. ತುಸು ಹೊತ್ತಿಗೆ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಗಂಭೀರವಾಗಿ ಬಂದರು. ತಂಬಿಗೆ ಇಡಲು ಬಗ್ಗಿದಾಗ ಸೀರೆಯ ಅಂಚಿನ ಕೆಳಗೆ ಒದ್ದೆಯಾದ ಒಂದು ಹೂವಿನ ಅಂಚು ಕಂಡಿತು. ನೈಟಿಯ ಮೇಲೆಯೇ ಸೀರೆ ಸುತ್ತಿಕೊಂಡು ಬಂದಿದ್ದರು. ನೀಲಿ ಹೂವು. ಸೊಸೆ ಇದನ್ನು ಸಾಫ್ ಅಲ್ಲಗಳೆಯುತ್ತಾಳೆ. ಆಗ ಅತ್ತೆಗೆ ನೈಟಿಯೇ ಇರಲಿಲ್ಲವಂತೆ. ಇರಬಹುದು. ನಾನು ಕಂಡದ್ದು ಲಂಗದ ಅಂಚಾಗಿರಬಹುದು.

"ಕುಂಡ್ರಿ," ಎಂದರು ಅತ್ತೆ. "ಯಾಕ ಬಂದೀರಂತ ಗೊತ್ತೈತಿ. ಆಗಂಗಿಲ್ಲ. ಚಾ ಕುಡದು ಹೋಗ್ರಿ."

"ಯಾಕ ಆಗಂಗಿಲ್ಲ ಅಂತ ಹೇಳಿದ್ರ ಹೋಗ್ತೇನ್ರಿ."

"ಸಂಜಿಗೆ ಅಕಿ ಬಸ್ ಇಳದ ಬರ್ತಾಳ. ಕಟ್ಟಿ ಮ್ಯಾಲೆ ಹಿರೇರು ಕುಂತಿರ್ತಾರ. ಚೂಡಿ ಹಾಕ್ಕೊಂಡು ಅವರ ಮುಂದ ಹಾದು ಬಂದ್ರ ಅಕೀಗೆ ಯಾರೂ ಏನೂ ಅನ್ನಂಗಿಲ್ಲ. ನನಗಂತಾರ."

"ಏನಂತಾರ?"

"'ನಿನ್ನ ಸೊಸಿ ಭಾಳ ಶಾಣ್ಯಾಕಿ ಆಗ್ಯಾಳ ಬಿಡು' ಅಂತಾರ." ಆ ಮಾತನ್ನು ಅವರು ಹೇಳಿದ ರೀತಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಾರದು ಎನಿಸಿತು.

ನನ್ನ ಕಣ್ಣು ಮತ್ತೆ ಆ ಒದ್ದೆ ಅಂಚಿನ ಮೇಲೆ ಹೋಯಿತು. ಬಾಗಿಲು ದಾಟುವ ಮುಂಚೆ ಒಂದು ಬಟ್ಟೆ, ದಾಟಿದ ಮೇಲೆ ಒಂದು. ಇವರ ತಕರಾರು ಬಟ್ಟೆಯದಲ್ಲ, ಕಟ್ಟೆಯದು. ನಾನು ಇಷ್ಟು ದಿನ ಹಾಲಿನಲ್ಲಿ ಪರಿಹಾರ ಹುಡುಕಿದ್ದೆ. ಅಡಚಣೆ ಇದ್ದದ್ದು ದಾರಿಯಲ್ಲಿ.

"ಬಸ್ಸಿನ್ಯಾಗ ಸೀರಿ, ಮಷಿನ್ ಮುಂದ ಚೂಡಿ," ಎಂದೆ. "ಹೋಗೂಮುಂದ ಮತ್ತ ಸೀರಿ. ಬಟ್ಟಿ ಬದಲಿ ಮಾಡಾಕ ಚಿಲಕ ಇರೋ ಖೋಲಿ ಕೊಡ್ತೇವ್ರಿ."

"ಖೋಲಿ ಐತೇನು? ಆ ಬಚ್ಚಲದಾಗ ಸೀರಿ ಅಂಚೆಲ್ಲಾ ತೋಯಿಸ್ಕೊಂಡು ಬರ್ತಾಳ."

"ಐತ್ರಿ."

ಇರಲಿಲ್ಲ.

"ಗಂಡಸರು ಎಷ್ಟ ಮಂದಿ ಒಳಗ?"

"ನಾನು, ಮಾಸ್ತರು, ಮಷಿನ್ ರಿಪೇರಿ ಮಾಡಾವ್ರು ಒಬ್ಬರು."

"ಮಾಸ್ತರು ವಯಸ್ಸಾದಾವ್ರಂತ. ನೀವಂತೂ..." ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಡೀತೈತಿ ಬಿಡ್ರಿ," ಎಂದರು. ಆಮೇಲೆ ಸ್ವಲ್ಪ ವಿಚಾರ ಮಾಡಿ ಒಂದು ಶರತ್ತು ಹಾಕಿದರು. "ನಾ ಒಂದಿನಾ ಬಂದು ಕುಂತು ನೋಡ್ತೇನಿ. ನೋಡಿದ ಮ್ಯಾಲೆ ಹೂಂ ಅಂತೇನೋ ಊಂಹೂಂ ಅಂತೇನೋ ಆವತ್ತ ಹೇಳ್ತೇನಿ."

ನಾನು ಗೆದ್ದೆನೆಂದುಕೊಂಡು ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಸಣ್ಣಗಾಗಿದ್ದನ್ನು ಗಮನಿಸಲಿಲ್ಲ. ಮರುದಿನ ಅವಳು ಮಷೀನಿಗೆ ಎಣ್ಣೆ ಹಾಕುತ್ತ, ತಲೆ ಎತ್ತದೆ ಹೇಳಿದಳು.

"ಏನ್ ಮಾಡಿ ಬಂದ್ರಿ ಸಾಹೇಬ್ರ? ಕಟ್ಟಿ ಮ್ಯಾಲಿನ ಮಂದಿ ಬ್ಯಾರೆ, ಅತ್ತಿ ಬ್ಯಾರೆ. ನಾ ಆ ಮನಿಗೆ ಬಂದಾಗಿಂದ ಅವರ ಮುಂದ ತಲಿ ಮ್ಯಾಲಿನ ಸೆರಗ ಇಳಿಸಿಲ್ಲ. ಜ್ವರಾ ಬಂದು ಮಲಗಿದಾಗೂ ಇಳಿಸಿಲ್ಲ. ಈಗ ಎಲ್ಲಾರ ಎದುರಿಗೆ ಬರೇ ತಲೀಲೆ ಬಂದು ಹೆಂಗ ನಿಂದ್ರಲಿ?"

ನಾನು ಖೋಲಿಯ ಕೆಲಸಕ್ಕೆ ಹತ್ತಿದೆ.

ಕಾರ್ಖಾನೆಯಲ್ಲಿ ಒಳಗಿಂದ ಚಿಲಕವಿದ್ದ ಖೋಲಿ ಒಂದೇ: ನನ್ನ ಕ್ಯಾಬಿನ್ನು. ಅದನ್ನೇ ಬಿಟ್ಟುಕೊಡುತ್ತೇನೆ ಎಂದಾಗ ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೇಳಿದರು, "ಆಫೀಸರು ಕೂಡೋದೆಲ್ಲಿ?" ಲೈನಿನ ತುದಿಯಲ್ಲಿ ಎಂದೆ. ಆಫೀಸರಿಗೆ ಕ್ಯಾಬಿನ್ನು ಇಲ್ಲದಿದ್ದರೆ ಮರ್ಯಾದೆ ಇರುವುದಿಲ್ಲ ಎಂದರು. ಆ ಮಾತಿನಲ್ಲಿ ನಿಜವಿತ್ತು; ನಂತರ ನನ್ನನ್ನು ಸಾಹೇಬ್ರ ಎನ್ನುವುದು ಕಡಿಮೆಯಾಗಿ ಅಣ್ಣಾರ ಎನ್ನುವುದು ಹೆಚ್ಚಾಯಿತು. ಕಿಟಕಿಯ ಗಾಜಿಗೆ ಕಂದು ಕಾಗದ ಅಂಟಿಸಿದೆವು, ಗೋಡೆಗೆ ಗೂಟ ಬಡಿಸಿದೆವು, ಒಂದು ಕನ್ನಡಿ ತಂದೆವು. ಕನ್ನಡಿ ಬಂದ ಮೇಲೆ ಬೆಟಗೇರಿಯ ಹುಡುಗಿಯರೂ ಕಾರಣವಿಲ್ಲದೆ ಒಳಗೆ ಹೋಗಿ ಬರತೊಡಗಿದರು.

ಚೂಡಿಯ ಕೆಲಸ ಮಾಸ್ತರರದು. ಅಂಗಡಿಯಲ್ಲಿ ಸಿಗುವ ಚೂಡಿಗೆ ದುಪಟ್ಟಾ ಬೇಕು. ದುಪಟ್ಟಾ ಎಂದರೆ ಇನ್ನೊಂದು ಸೆರಗು. ಬೆಟಗೇರಿಯ ಹುಡುಗಿಯರು ಅದನ್ನು ಬಿಚ್ಚಿಟ್ಟು ಕೂಡುತ್ತಿದ್ದರು; ಹಳ್ಳಿಯವರು ಮಾತ್ರ ದುಪಟ್ಟಾ ಇಲ್ಲದೆ ಹಾಕಲು ಯಾರೂ ತಯಾರಿಲ್ಲ. ಮಾಸ್ತರರು ಎದೆಯ ಮೇಲೆ ಬಟ್ಟೆಯನ್ನು ಎರಡು ಪದರ ಮಾಡಿ, ಹೊರಗಿನ ಪದರವನ್ನು ಸೊಂಟದ ತನಕ ಸಡಿಲ ಇಳಿಸಿ, ಬದಿಗಳನ್ನು ಹೊಲಿಗೆ ಹಾಕಿ ಕೂಡಿಸಿದರು. ಪಕ್ಕದ ಸೀಳುಗಳನ್ನು ಮುಚ್ಚಿದರು, ತೋಳನ್ನು ಮೊಣಕೈ ದಾಟಿಸಿದರು, ದಾರ ಕತ್ತರಿಸುವ ಕತ್ತರಿಗೆಂದು ಎಡಗಡೆ ಒಂದು ಕಿಸೆ ಇಟ್ಟರು. ಎಲ್ಲಿಯೂ ಜೋತುಬೀಳುವ ಒಂದು ಬೆರಳಗಲ ಬಟ್ಟೆ ಇರಲಿಲ್ಲ. ಮೊದಲನೆಯದನ್ನು ಹೊಲಿದು ಮುಗಿಸಿ, "ದರ್ಜಿ ಮಕ್ಳು ಜೀವಮಾನ ಎಲ್ಲಾ ಜೋತಾಡೋ ಝಾಲರು ಹಚ್ಚಿದ್ವಿ. ಈಗ ಝಾಲರು ತೆಗ್ಯಾಕ ಬಂದೇವಿ ನೋಡ್ರಿ," ಎಂದು ನಕ್ಕರು.

ಅತ್ತೆ ಬಂದದ್ದು ವಾರದ ನಡುವಿನ ಒಂದು ದಿನ. ಸೊಸೆಯೊಂದಿಗೆ ಬಸ್ಸಿನಿಂದ ಇಳಿದರು. ಹಾಲಿನ ಬಾಗಿಲಲ್ಲಿ ನಿಂತು ಮಾಡಿನಿಂದ ನೆಲದ ತನಕ ಕಣ್ಣಾಡಿಸಿದರು. ಖೋಲಿಯೊಳಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಗಟ್ಟಿ ಐತಿ," ಎಂದರು. ನಾನು ಒಂದು ಸ್ಟೂಲು ತಂದು ದಾರ ಕತ್ತರಿಸುವ ಟೇಬಲ್ಲಿನ ಪಕ್ಕ, ಲೈನಿಗೆ ಮುಖ ಮಾಡಿ ಇಟ್ಟೆ. ಕೂತರು. ಸೊಸೆ ಖೋಲಿಯೊಳಗೆ ಹೋದಳು.

ಹೊರಗೆ ಬರಲಿಲ್ಲ.

ಗಂಟೆ ಬಾರಿಸಿತು. ಬೆಟಗೇರಿಯ ಹುಡುಗಿಯರ ಮಷೀನುಗಳು ಶುರುವಾದವು. ಶಿಗ್ಲಿ, ಡಂಬಳದ ಹೆಣ್ಣುಮಕ್ಕಳು ಸೀರೆಯಲ್ಲಿಯೇ ಗೋಡೆಯ ಬಳಿ ಚೀಲ ಹಿಡಿದು ನಿಂತಿದ್ದರು, ಏನಾಗುತ್ತದೆಂದು ಕಾಯುತ್ತ. ಬೆಟಗೇರಿಯ ಹುಡುಗಿ ಹೋಗಿ ಬಾಗಿಲು ತಟ್ಟಿದಳು. "ಅಕ್ಕಾ, ಒಳಗ ಏನ್ ಹೊಸಾ ಬಟ್ಟಿ ನೇಯಾಕತ್ತೀಯೇನ?" ಯಾರೂ ನಗಲಿಲ್ಲ. ಕಾಲರ್ ಮಷೀನಿನ ಮುಂದಿನ ಸ್ಟೂಲು ಖಾಲಿ ಇತ್ತು. ಮಾಸ್ತರರು ಮಷೀನಿನ ಮೇಲಿದ್ದ ಕಾಲರುಗಳ ಕಟ್ಟನ್ನು ಎತ್ತಿ, ಸರಿಮಾಡಿ, ಮತ್ತೆ ಅಲ್ಲೇ ಇಟ್ಟರು. ಅವರು ಮೂರು ಸಲ ಹಾಗೆ ಮಾಡಿದರು ಎನಿಸುತ್ತದೆ, ಎರಡಿರಬಹುದು.

ಬಾಗಿಲು ಕೊನೆಗೆ ಸ್ವಲ್ಪ ತೆರೆಯಿತು. ಸೊಸೆ ಹೊಸ ಚೂಡಿಯಲ್ಲಿ ಹೊಸಿಲ ಮೇಲೆ ನಿಂತಳು. ಅತ್ತೆಯನ್ನು ಕಂಡಳು. ಅವಳ ಬಲಗೈ ತಾನಾಗಿಯೇ ಮೇಲೆದ್ದು, ಸೆರಗು ಎಳೆದುಕೊಳ್ಳಲು ತಲೆಯ ತನಕ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈ ಅಲ್ಲಿಯೇ ನಿಂತಿತು. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಅತ್ತೆ ಎದ್ದರು. ಮುಗಿಯಿತು, ಬಸ್ಸಿಗೆ ಹೊರಟರು ಎಂದುಕೊಂಡೆ. ಅವರು ಸ್ಟೂಲನ್ನು ಎರಡೂ ಕೈಯಿಂದ ಎತ್ತಿ, ತಿರುಗಿಸಿ, ಗೋಡೆಗೆ ಮುಖ ಮಾಡಿ ಇಟ್ಟರು. ಹಾಲಿಗೆ ಬೆನ್ನು ಹಾಕಿ ಕೂತರು.

"ನಾ ಹಿಂಗ ಕುಂಡ್ರತೇನಿ," ಎಂದರು, ಗೋಡೆಗೆ ಹೇಳುವಂತೆ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ನಾ ನೋಡಿದ್ರ ತಾನೇ ಅಕಿ ತಲಿ ಮ್ಯಾಲೆ ಸೆರಗ ಇಲ್ಲ ಅನ್ನಾಕ? ನೋಡಿಲ್ಲಂದ್ರ ಐತಿ ಅಂತನ ಲೆಕ್ಕ. ಹೋಗ್ ಲೇ, ನಿನ್ನ ಕೆಲಸಾ ನೋಡು. ಮಾಸ್ತರು ಕಾದಾರ."

ಸೊಸೆ ತಲೆ ತಗ್ಗಿಸಿ ಆ ಬೆನ್ನಿನ ಹಿಂದಿನಿಂದ ಹಾದು ಹೋಗಿ ಕಾಲರ್ ಮಷೀನಿನ ಮುಂದೆ ಕೂತಳು. ಗೋಡೆಯ ಬಳಿ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಖೋಲಿಯ ಕಡೆ ನಡೆದರು.

ಅತ್ತೆ ದಿನವಿಡೀ ಗೋಡೆ ನೋಡುತ್ತ ಕೂತರು. ಕೈ ಸುಮ್ಮನಿರಲಾರದೆ ಟೇಬಲ್ಲಿನ ಶರ್ಟುಗಳ ದಾರ ಕತ್ತರಿಸಿಕೊಟ್ಟರು. ಊಟದ ಹೊತ್ತಿಗೆ ಸೊಸೆ ಮತ್ತೆ ಸೀರೆಯುಟ್ಟು ಬಂದು ಬಡಿಸಿದಳು. ಆಗ ಮಾತ್ರ ತಿರುಗಿ ಕೂತು, ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದು ಬೈದರು. ಬಿಡುವು ಮುಗಿದ ಮೇಲೆ ಸ್ಟೂಲು ಮತ್ತೆ ಗೋಡೆಯ ಕಡೆ ತಿರುಗಿತು.

ಬಿಸಿಲು ಇಳಿಯುವ ಹೊತ್ತಿಗೆ ಅವರು ಮಾಸ್ತರರನ್ನು ಕರೆದರು. "ಇಷ್ಟೂ ಮಷಿನ್ ಕೂಡಿ ಒಂದ ಸಪ್ಪಳ ಮಾಡ್ತಾವಲ್ರಿ. ನಮ್ಮಾಕೀದು ಯಾವ್ದು?"

"ಉಳದಾವ್ರು ಉದ್ದಕ ಹೊಲೀತಾರ್ರಿ ಅವ್ವಾರ," ಎಂದರು ಮಾಸ್ತರರು, ಅವರ ಕಿವಿಯ ಮಟ್ಟಕ್ಕೆ ಬಗ್ಗಿ. "ಕಾಲರ್ ಮಾಡಾಕಿ ಹಂಗಲ್ಲ. ಚೂರು ಹೋಗ್ತಾಳ, ನಿಂದ್ರತಾಳ, ಸೂಜಿ ಒಳಗ ಇಟಗೊಂಡ ಬಟ್ಟಿ ತಿರುಗಿಸಿ ಮೂಲಿ ಹೊಳ್ಳಸ್ತಾಳ, ಮತ್ತ ಚೂರು ಹೋಗ್ತಾಳ. ಕೇಳ್ರಿ."

ಅತ್ತೆ ಕೈ ಎತ್ತಿ ತಮ್ಮ ತಲೆಯ ಮೇಲಿನ ಸೆರಗನ್ನು ಬಲಗಿವಿಯ ಹಿಂದಕ್ಕೆ ಸರಿಸಿದರು. ಕಣ್ಣು ಮುಚ್ಚಿದರು.

"ನಿಂತ್ಲು," ಎಂದರು ಸ್ವಲ್ಪ ಹೊತ್ತಿನ ಮೇಲೆ. ಆಮೇಲೆ, "ಹೊಳ್ಳಿದ್ಲು."

ಸಂಜೆಯ ಗಂಟೆ ಬಾರಿಸುವ ತನಕ ಆ ಕಿವಿ ಹಾಗೆಯೇ ತೆರೆದಿತ್ತು.